ಬ್ರೇಕ್ ಒತ್ತಿದರೆ ಇಂಡಿಕೇಟರ್ ದೀಪ ಯಾಕೆ ಹತ್ತುತ್ತದೆ? ಹಳೆ ಲಾರಿಯ ವಾಯರಿಂಗ್ ಒಳಗೊಂದು ಹುಡುಕಾಟ

ಕಬ್ಬಿನ ಹಂಗಾಮು ಶುರುವಾಯಿತು ಅಂದರೆ ಮುಧೋಳದ ಕಡೆ ಗಾಡಿ ವಾಯರಿಂಗ್ ಮಾಡುವ ನಮ್ಮಂಥವರಿಗೆ ಹಗಲು ರಾತ್ರಿ ಒಂದೇ. ಕಾರ್ಖಾನೆಯ ಹೊರಗೆ ಲಾರಿ, ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿರುತ್ತವೆ. ಪಾಳಿ ಬರುವ ತನಕ ಡ್ರೈವರ್‌ಗಳಿಗೆ ಕೈಯಲ್ಲಿ ಕೆಲಸ ಇರುವುದಿಲ್ಲ. ಮಳೆಗಾಲದಿಂದ ನಾಳೆ ನಾಳೆ ಅಂತ ಮುಂದೆ ತಳ್ಳಿದ ಸಣ್ಣಪುಟ್ಟ ರಿಪೇರಿಗಳೆಲ್ಲ ಆಗ ನೆನಪಾಗುತ್ತವೆ.

ಹೀಗೇ ಒಂದು ಸಂಜೆ ಹಳೆ ಲಾರಿಯೊಂದು ಬಂತು. ಮಾಲೀಕರೇ ಡ್ರೈವರ್, ವಯಸ್ಸಾದವರು. ನಾವೆಲ್ಲ ಕಾಕಾ ಅಂತಲೇ ಕರೆಯುತ್ತೇವೆ.

"ಮಿಸ್ತ್ರಿ, ಇದಕ್ಕೇನ ದೆವ್ವ ಬಡದೈತೇನ ನೋಡ್ರಿ," ಅಂದರು. "ಎಡಕ್ಕ ಇಂಡಿಕೇಟರ್ ಹಾಕಿದ್ರ ಟಿಕ್‌ಟಿಕ್ ಅಂತ ಭಾಳ ಜೋರ ಹೊಡಕೊತೈತಿ. ಇಂಡಿಕೇಟರ್ ಹಾಕದೇನ ಬರೇ ಬ್ರೇಕ್ ಒತ್ತಿದ್ರೂ ಡ್ಯಾಶ್‌ಬೋರ್ಡಿನ್ಯಾಗ ಎಡಗಡೆ ಬಾಣದ ದೀಪ ಹತ್ತತೈತಿ. ಫ್ಲಾಷರ್ ಎರಡ ಸಲ ಬದಲಿ ಮಾಡ್ಸೇನಿ. ಸ್ವಿಚ್ಚೂ ಹೊಸಾದ."

ಅವರು ಖರ್ಚು ಮಾಡಿದ ದುಡ್ಡು ಕೇಳಿ ಹೊಟ್ಟೆ ಉರಿಯಿತು. ಇಂಡಿಕೇಟರ್ ಮಿನುಗಿಸುವ ಫ್ಲಾಷರ್ ಸರಿಯಾಗಿಯೇ ಇತ್ತು, ಸ್ವಿಚ್ಚೂ ಸರಿಯಾಗಿಯೇ ಇತ್ತು. ದೋಷ ಇದ್ದದ್ದು ಲಾರಿಯ ಬಾಲದಲ್ಲಿ, ಒಂದು ತುಕ್ಕು ಹಿಡಿದ ಬೋಲ್ಟಿನ ಕೆಳಗೆ. ಡ್ಯಾಶ್‌ಬೋರ್ಡಿನ ದೀಪ ಅದನ್ನು ದಿನಾ ಹೇಳುತ್ತಲೇ ಇತ್ತು. ಅದರ ಮಾತು ತಿಳಿಯಬೇಕು ಅಂದರೆ ಕರೆಂಟ್ ಲಾರಿಯೊಳಗೆ ಹೇಗೆ ಓಡಾಡುತ್ತದೆ ಅಂತ ಸ್ವಲ್ಪ ನೋಡಬೇಕು. ಕಷ್ಟ ಏನಿಲ್ಲ. ಕಬ್ಬಿನ ಲಾರಿಯನ್ನೇ ಉದಾಹರಣೆ ಮಾಡಿಕೊಳ್ಳೋಣ.

ಹೋದದ್ದು ಮರಳಿ ಬರಬೇಕು

ಹೊಲದಲ್ಲಿ ಕಬ್ಬು ತುಂಬಿಕೊಂಡ ಲಾರಿ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಖಾಲಿ ಮಾಡಿ ಮತ್ತೆ ಹೊಲಕ್ಕೆ ಬರುತ್ತದೆ. ಮರಳುವ ದಾರಿ ಮುಚ್ಚಿದರೆ ಏನಾಗುತ್ತದೆ? ಖಾಲಿ ಲಾರಿಗಳು ಕಾರ್ಖಾನೆಯ ಅಂಗಳದಲ್ಲೇ ತುಂಬಿಕೊಳ್ಳುತ್ತವೆ. ಒಳಗೆ ಜಾಗ ಇಲ್ಲದೆ ತುಂಬಿದ ಲಾರಿಯೂ ಹೊರಗೇ ನಿಲ್ಲುತ್ತದೆ. ಹೋಗುವ ದಾರಿ ಎಷ್ಟೇ ಚೆನ್ನಾಗಿದ್ದರೂ ಗಾಣ ನಿಂತುಹೋಗುತ್ತದೆ.

ಕರೆಂಟೂ ಹೀಗೇ. ಬ್ಯಾಟರಿಯ ಪ್ಲಸ್‌ನಿಂದ ಹೊರಟು, ಫ್ಯೂಸ್, ಸ್ವಿಚ್ ದಾಟಿ, ಬಲ್ಬಿನ ಒಳಗೆ ಕೆಲಸ ಮಾಡಿ, ಬ್ಯಾಟರಿಯ ಮೈನಸ್‌ಗೆ ಮರಳಬೇಕು. ಲಾರಿಯಲ್ಲಿ ಈ ಮರಳುವ ದಾರಿಗೆ ಪ್ರತಿಯೊಂದು ಬಲ್ಬಿಗೂ ಬೇರೆ ಬೇರೆ ವಾಯರ್ ಹಾಕಿರುವುದಿಲ್ಲ. ಬ್ಯಾಟರಿಯ ಮೈನಸ್ ಅನ್ನು ಚಾಸಿಸ್ಸಿಗೆ, ಅಂದರೆ ಲಾರಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ ಬಿಗಿದಿರುತ್ತಾರೆ. ಬಲ್ಬಿನ ಇನ್ನೊಂದು ತುದಿಯನ್ನೂ ಚಾಸಿಸ್ಸಿಗೇ ಬಿಗಿದಿರುತ್ತಾರೆ. ಉದ್ದಕ್ಕೂ ಇರುವ ಆ ಕಬ್ಬಿಣವೇ ವಾಯರ್. ಇದನ್ನೇ ನಾವು ಅರ್ಥಿಂಗ್ ಅನ್ನುತ್ತೇವೆ.

ಹಳೆ ಲಾರಿಯಲ್ಲಿ ಇಲ್ಲೊಂದು ತೊಡಕು ಇದೆ. ನಮ್ಮ ಕಡೆಯ ಎಷ್ಟೋ ಹಳೆ ಲಾರಿಗಳು ಕಂಪನಿಯಿಂದ ಬಂದಾಗ ಬರೀ ಚಾಸಿಸ್, ಎಂಜಿನ್ ಮತ್ತು ಮುಂದಿನ ಮುಖ ಅಷ್ಟೇ. ಕ್ಯಾಬಿನ್, ಹಿಂದಿನ ಬಾಡಿ ಕಟ್ಟಿದವರು ಬಡಗಿಗಳು, ಕಮ್ಮಾರರು. ಕಟ್ಟಿಗೆಯ ಒಳಗೆ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಹಿಂದಿನ ದೀಪವನ್ನು ಕಟ್ಟಿಗೆ ಹಲಗೆಗೋ, ಬಣ್ಣ ಬಳಿದ ತಗಡಿನ ಪಟ್ಟಿಗೋ ಕೂರಿಸಿದರೆ ಅಲ್ಲಿಂದ ಚಾಸಿಸ್ಸಿಗೆ ಬೇರೆ ವಾಯರ್ ಎಳೆಯಲೇಬೇಕು. ಆ ಒಂದು ವಾಯರ್, ಅದರ ಒಂದು ಬೋಲ್ಟ್. ಅದರ ಮೇಲೆ ಟೇಲ್ ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್ ಮೂರರ ಜೀವ ನಿಂತಿರುತ್ತದೆ.

ಆ ಬೋಲ್ಟ್ ಇರುವ ಜಾಗ ನೋಡಿ. ಹಿಂದಿನ ಗಾಲಿಯ ಹಿಂದೆ, ನೆಲಕ್ಕೆ ಹತ್ತಿರ. ನಮ್ಮ ಎರೆ ಮಣ್ಣು ಒಮ್ಮೆ ಮೆತ್ತಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ, ನೀರು ಹಿಡಿದಿಟ್ಟುಕೊಂಡೇ ಇರುತ್ತದೆ. ಮೇಲಿಂದ ಕಬ್ಬಿನ ರವದಿ (ಒಣ ಎಲೆ), ಧೂಳು, ಅಂಟು. ತುಕ್ಕು ಹಿಡಿಯದೆ ಇನ್ನೇನಾಗುತ್ತದೆ?

ಬ್ರೇಕಿಗೂ ಇಂಡಿಕೇಟರಿಗೂ ನಂಟು ಎಲ್ಲಿಂದ ಬಂತು?

ಈಗ ಕಾಕಾ ಅವರ ಲಾರಿಗೆ ಬರೋಣ. ಎಡಗಡೆ ಹಿಂದಿನ ದೀಪದ ಡಬ್ಬಿಯಲ್ಲಿ ಮೂರು ಕೆಲಸದ ದೀಪಗಳಿವೆ, ಮೂರಕ್ಕೂ ಮರಳುವ ದಾರಿ ಒಂದೇ. ಆ ದಾರಿ ತುಕ್ಕಿನಿಂದ ಮುಚ್ಚಿದೆ. ಕಾಕಾ ಬ್ರೇಕ್ ಒತ್ತಿದರು. ಕರೆಂಟ್ ಬ್ರೇಕ್ ಬಲ್ಬಿನೊಳಗೆ ಬಂತು. ಮುಂದೆ ಹೋಗಲು ದಾರಿ ಇಲ್ಲ. ಆದರೆ ಅದೇ ಡಬ್ಬಿಯಲ್ಲಿ ಇಂಡಿಕೇಟರ್ ಬಲ್ಬ್ ಕೂತಿದೆ, ಅದರ ಕಾಲೂ ಇದೇ ಲೋಹಕ್ಕೆ ತಾಗಿದೆ. ಹೆದ್ದಾರಿ ಮುಚ್ಚಿದಾಗ ಲಾರಿಗಳು ಊರೊಳಗಿನ ಓಣಿಗೆ ನುಗ್ಗುತ್ತವಲ್ಲ, ಹಾಗೆ ಕರೆಂಟ್ ಆ ಬಲ್ಬಿನೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಅಲ್ಲಿಂದ ಎಡಗಡೆ ಇಂಡಿಕೇಟರ್ ವಾಯರ್ ಹಿಡಿದು ಮುಂದಕ್ಕೆ ಬರುತ್ತದೆ. ಮುಂದಿನ ಎಡಗಡೆ ಇಂಡಿಕೇಟರ್ ಬಲ್ಬಿನ ಅರ್ಥಿಂಗ್ ಚೆನ್ನಾಗಿದೆ, ಅದರ ಮೂಲಕ ಚಾಸಿಸ್ಸಿಗೆ ಇಳಿಯುತ್ತದೆ. ಬರುವ ದಾರಿಯಲ್ಲೇ ಡ್ಯಾಶ್‌ಬೋರ್ಡಿನ ಬಾಣದ ದೀಪವೂ ಅದೇ ವಾಯರಿಗೆ ಜೋಡಿಸಿದೆ. ಅದಕ್ಕೂ ಸ್ವಲ್ಪ ಪಾಲು ಸಿಗುತ್ತದೆ. ಹತ್ತುತ್ತದೆ.

ಆದರೆ ಮಂಕಾಗಿ. ಯಾಕೆಂದರೆ ಬ್ಯಾಟರಿಯ 12 ವೋಲ್ಟನ್ನು ಈಗ ಬ್ರೇಕ್ ಬಲ್ಬ್, ಹಿಂದಿನ ಇಂಡಿಕೇಟರ್, ಮುಂದಿನ ಇಂಡಿಕೇಟರ್ ಮೂರೂ ಹಂಚಿಕೊಳ್ಳುತ್ತಿವೆ. ಬಾಣದ ದೀಪಕ್ಕೆ ಉಳಿಯುವುದು ಮೂರೋ ನಾಲ್ಕೋ ವೋಲ್ಟ್. ಈ ಮಂಕು ಬೆಳಕೇ ದೊಡ್ಡ ಸುಳಿವು. ಹತ್ತಬಾರದ ದೀಪ ಮಂಕಾಗಿ ಹತ್ತಿದರೆ, ಮೊದಲು ಅರ್ಥಿಂಗ್ ಮೇಲೆಯೇ ನನ್ನ ಅನುಮಾನ. ವಾಯರ್ ವಾಯರ್ ತಾಗಿ ಶಾರ್ಟ್ ಆಗಿದ್ದರೆ ದೀಪ ಸಾಮಾನ್ಯವಾಗಿ ಪೂರ್ತಿ ಹತ್ತುತ್ತದೆ, ಇಲ್ಲವೇ ಫ್ಯೂಸ್ ಹಾರುತ್ತದೆ.

ಇಲ್ಲಿ ಇನ್ನೊಂದು ವಿಚಾರ. ಮುಂದಿನ ಎಡಗಡೆ ಬಲ್ಬ್ ಸುಟ್ಟಿದ್ದರೆ ಇದೇ ಬಾಣದ ದೀಪ ಮಂಕಾಗಿ ಅಲ್ಲ, ಜೋರಾಗಿ ಹತ್ತುತ್ತಿತ್ತು. ಅದು ಎರಡು ವ್ಯಾಟಿನ ಸಣ್ಣ ಬಲ್ಬ್. 21 ವ್ಯಾಟಿನ ದೊಡ್ಡ ಬಲ್ಬುಗಳ ಜೊತೆ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡರೆ ವೋಲ್ಟೇಜಿನ ಹೆಚ್ಚಿನ ಪಾಲು ಸಣ್ಣ ಬಲ್ಬಿಗೇ ಬೀಳುತ್ತದೆ. ಒಂದೇ ದೋಷ, ಎರಡು ಲಾರಿಯಲ್ಲಿ ಎರಡು ರೀತಿ ಕಾಣುತ್ತದೆ. "ಆ ಗಾಡಿಗೆ ಸ್ವಿಚ್ ಹಾಕಿದ ಮೇಲೆ ಸರಿಹೋಯ್ತು, ಇದಕ್ಕೂ ಸ್ವಿಚ್ ಹಾಕು" ಅನ್ನುವ ಲೆಕ್ಕ ಇದಕ್ಕೇ ತಪ್ಪುತ್ತದೆ.

ಇನ್ನು ಟಿಕ್‌ಟಿಕ್ ಯಾಕೆ ಜೋರಾಯಿತು? ಫ್ಲಾಷರ್ ಅನ್ನುವುದು ಇಂಡಿಕೇಟರ್ ದೀಪಕ್ಕೆ ಹೋಗುವ ಕರೆಂಟನ್ನು ಕಡಿದು ಬಿಡುವ ಸಣ್ಣ ಡಬ್ಬಿ. ಸರಿಯಾಗಿದ್ದರೆ ನಿಮಿಷಕ್ಕೆ 60ರಿಂದ 120 ಸಲ ಮಿನುಗಿಸುತ್ತದೆ. 12 ವೋಲ್ಟಿನ ಗಾಡಿಯಲ್ಲಿ 21 ವ್ಯಾಟಿನ ಒಂದು ಬಲ್ಬ್ ಎಳೆಯುವುದು 1.75 ಆಂಪಿಯರ್. ಹಿಂದೆ ಮುಂದೆ ಸೇರಿ ಎರಡು ಬಲ್ಬಿಗೆ 3.5 ಆಂಪಿಯರ್. ಎಲೆಕ್ಟ್ರಾನಿಕ್ ಫ್ಲಾಷರ್ ಈ ಲೆಕ್ಕವನ್ನು ಗಮನಿಸುತ್ತಿರುತ್ತದೆ. ಕರೆಂಟ್ ಕಡಿಮೆಯಾದರೆ ಬಲ್ಬ್ ಸುಟ್ಟಿದೆ ಅಂತ ತಿಳಿದು ಮಿನುಗುವ ವೇಗ ಹೆಚ್ಚಿಸುತ್ತದೆ. ಅದು ಡ್ರೈವರ್‌ಗೆ ಕೊಡುವ ಎಚ್ಚರಿಕೆ. ಬಿಸಿ ತಂತಿಯ ಹಳೆ ಕಾಲದ ಫ್ಲಾಷರ್ ಆದರೆ ಮಿನುಗೇ ನಿಂತು, ದೀಪ ಹಾಗೇ ಉರಿಯುತ್ತಲೂ ಇರಬಹುದು. ಕಾಕಾ ಅವರ ಗಾಡಿಯಲ್ಲಿ ಬಲ್ಬ್ ಸುಟ್ಟಿರಲಿಲ್ಲ. ಮರಳುವ ದಾರಿ ಸಿಗದೆ ಅದು ಕರೆಂಟನ್ನು ಪೂರ್ತಿ ಎಳೆಯುತ್ತಿರಲಿಲ್ಲ ಅಷ್ಟೇ. ಫ್ಲಾಷರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು. ಅದನ್ನೇ ಎರಡು ಸಲ ಕಿತ್ತು ಬಿಸಾಕಿದ್ದರು.

ಬಲ್ಬ್ ತಪ್ಪಿದರೂ ಹೀಗೇ ಆಗುತ್ತದೆ. ಹಳೆ ಲಾರಿಗಳಲ್ಲಿ ಕೆಲವು 12 ವೋಲ್ಟ್, ಕೆಲವು ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ 24 ವೋಲ್ಟ್. ನೋಡಲು ಬಲ್ಬ್ ಎರಡೂ ಒಂದೇ ಥರ. 12 ವೋಲ್ಟಿನ ಗಾಡಿಗೆ 24 ವೋಲ್ಟಿನ ಬಲ್ಬ್ ಹಾಕಿದರೆ ಮಂಕಾಗಿ ಉರಿಯುತ್ತದೆ, ಕರೆಂಟ್ ಕಡಿಮೆ ಎಳೆಯುತ್ತದೆ, ಟಿಕ್‌ಟಿಕ್ ಜೋರಾಗುತ್ತದೆ. ಎಲ್‌ಇಡಿ ಹಾಕಿದರೂ ಅದೇ ಕಥೆ. ಎಲ್‌ಇಡಿ ಬೇಕೇ ಬೇಕು ಅಂದರೆ ಅದಕ್ಕೆ ಹೊಂದುವ ಫ್ಲಾಷರ್ ಕೇಳಿ ತೊಗೊಳ್ಳಿ. ಬಲ್ಬಿನ ಬುಡದಲ್ಲಿ ಕೆತ್ತಿದ ಅಕ್ಷರ ಓದುವುದಕ್ಕೆ ಅರ್ಧ ನಿಮಿಷ ಸಾಕು. ನಾನು ಪ್ರತಿ ಸಲ ಮೊದಲು ಮಾಡುವ ಕೆಲಸ ಇದೇ.

ಮೀಟರ್ ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ಹೇಳುವುದೂ ಇಲ್ಲ

ಈಗ ಎಲ್ಲರ ಹತ್ತಿರ ಮಲ್ಟಿಮೀಟರ್ ಇದೆ. ಒಳ್ಳೆಯದು. ಆದರೆ ಬಲ್ಬ್ ಬಿಚ್ಚಿ, ಖಾಲಿ ಹೋಲ್ಡರಿಗೆ ಮೀಟರಿನ ಕಡ್ಡಿ ಹಚ್ಚಿ "12 ವೋಲ್ಟ್ ಬರ್ತಾ ಇದೆ, ವಾಯರಿಂಗ್ ಸರಿ ಇದೆ" ಅಂತ ತೀರ್ಮಾನ ಮಾಡುವವರು ಜಾಸ್ತಿ. ಅಲ್ಲೇ ಮೋಸ ಹೋಗುವುದು. ಡಿಜಿಟಲ್ ಮೀಟರಿನ ಒಳಗಿನ ತಡೆ (ರೆಸಿಸ್ಟೆನ್ಸ್) ಸಾಮಾನ್ಯವಾಗಿ ಒಂದು ಕೋಟಿ ಓಮ್. ಅದು ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವಾಯರಿನ ಎಲ್ಲ ಎಳೆ ಹರಿದು ಒಂದೇ ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ. ಹೊಲದ ಪೈಪಿನಲ್ಲಿ ಕಸ ಸಿಕ್ಕಿದೆ, ತುದಿಯ ನಲ್ಲಿ ಮುಚ್ಚಿದೆ ಅಂದುಕೊಳ್ಳಿ. ಪ್ರೆಶರ್ ಗೇಜ್ ಪೂರ್ತಿ ತೋರಿಸುತ್ತದೆ. ನಲ್ಲಿ ಬಿಟ್ಟು ನೋಡಿದಾಗಲೇ ನೀರು ಸಣ್ಣಗೆ ಬರುವುದು ಗೊತ್ತಾಗುವುದು.

ಅಂಕಿಯಲ್ಲೇ ನೋಡಿ. 21 ವ್ಯಾಟಿನ ಬಲ್ಬ್ ಉರಿಯುವಾಗ ಅದರ ತಡೆ ಸುಮಾರು 7 ಓಮ್. ತುಕ್ಕು ಹಿಡಿದ ಬೋಲ್ಟಿನಲ್ಲಿ ಬರೀ 2 ಓಮ್ ತಡೆ ಸೇರಿತು ಅಂತಿಟ್ಟುಕೊಳ್ಳಿ. ಒಟ್ಟು 9. ಕರೆಂಟ್ 1.75ರಿಂದ 1.3 ಆಂಪಿಯರಿಗೆ ಇಳಿಯುತ್ತದೆ. 12 ವೋಲ್ಟಿನಲ್ಲಿ ಎರಡೂವರೆ ವೋಲ್ಟಿಗೂ ಹೆಚ್ಚು ಆ ಬೋಲ್ಟಿನಲ್ಲೇ ಕಳೆದುಹೋಗುತ್ತದೆ. ಬಲ್ಬಿಗೆ ಸಿಗುವುದು 9 ವೋಲ್ಟ್ ಚಿಲ್ಲರೆ. ಬೆಳಕು ಅರ್ಧಕ್ಕಿಂತ ಕಡಿಮೆ, ಯಾಕೆಂದರೆ ತಂತಿಯ ಬಲ್ಬಿಗೆ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. ಇದೇ 2 ಓಮ್ ಮೀಟರಿನ ಒಂದು ಕೋಟಿಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ನನ್ನ ಕೈಗೆ ಮೊದಲು ಬರುವುದು ಟೆಸ್ಟ್ ಲ್ಯಾಂಪ್. ಒಂದು ಹೋಲ್ಡರ್, 5 ವ್ಯಾಟಿನ ಬಲ್ಬ್, ಎರಡು ವಾಯರ್. ಒಂದರ ತುದಿಗೆ ಕಚ್ಚುವ ಕ್ಲಿಪ್, ಇನ್ನೊಂದಕ್ಕೆ ದಬ್ಬಣದಂಥ ಮೊನೆ. ಮನೆಯಲ್ಲೇ ಮಾಡಿಕೊಳ್ಳಬಹುದು. ಅದು ಕರೆಂಟ್ ಎಳೆದು ನೋಡುತ್ತದೆ, ಬರೀ ಇಣುಕುವುದಿಲ್ಲ. ಗಾಡಿ 24 ವೋಲ್ಟ್ ಆದರೆ ಬಲ್ಬೂ 24ರದ್ದೇ ಬೇಕು. ಹೊಸ ಮಾಡೆಲ್ ಗಾಡಿಗಳ ಕಂಪ್ಯೂಟರ್ ವಾಯರುಗಳಿಗೆ ಮಾತ್ರ ಇದನ್ನು ಹಚ್ಚಬಾರದು, ಒಳಗಿನ ಭಾಗ ಸುಡಬಹುದು. ಹಳೆ ಲಾರಿಯ ದೀಪಗಳಿಗೆ ಇದರಷ್ಟು ನಂಬಿಕೆಯ ಸಾಮಾನು ಇನ್ನೊಂದಿಲ್ಲ.

ಆ ಸಂಜೆ ಮಾಡಿದ್ದು ಇಷ್ಟು. ಕ್ಲಿಪ್ಪನ್ನು ಚಾಸಿಸ್ಸಿನಲ್ಲಿ ಉಜ್ಜಿ ಹೊಳಪು ತಂದ ಜಾಗಕ್ಕೆ ಕಚ್ಚಿಸಿದೆ. ಇಂಡಿಕೇಟರ್ ಎಡಕ್ಕೆ ಹಾಕಿಸಿ, ಹಿಂದಿನ ಹೋಲ್ಡರಿನ ಒಳಗಿನ ತುದಿಗೆ ಮೊನೆ ಮುಟ್ಟಿಸಿದೆ. ಟೆಸ್ಟ್ ಲ್ಯಾಂಪ್ ಪೂರ್ತಿ ಬೆಳಕಿನಲ್ಲಿ ಮಿನುಗಿತು. ಅಂದರೆ ಮುಂದಿನಿಂದ ಇಲ್ಲಿಯ ತನಕ ಫ್ಯೂಸ್, ಫ್ಲಾಷರ್, ಸ್ವಿಚ್, ಉದ್ದದ ವಾಯರ್ ಎಲ್ಲ ಸರಿ. ಒಂದೇ ಮುಟ್ಟಿಗೆ ಅರ್ಧ ಲಾರಿ ಅನುಮಾನದಿಂದ ಹೊರಗೆ ಹೋಯಿತು. ಆಮೇಲೆ ಕ್ಲಿಪ್ಪಿಗೆ ಆರು ಮೀಟರ್ ವಾಯರ್ ಸೇರಿಸಿ ಬ್ಯಾಟರಿಯ ಪ್ಲಸ್‌ಗೆ ಕಚ್ಚಿಸಿ, ಮೊನೆಯನ್ನು ದೀಪದ ಡಬ್ಬಿಯ ತಗಡಿಗೆ ಒತ್ತಿದೆ. ಲ್ಯಾಂಪ್ ಆರುವ ಕೆಂಡದಂತೆ ಕೆಂಪಗೆ ಅಷ್ಟೇ. ಅದೇ ಮೊನೆಯನ್ನು ಪಕ್ಕದ ಚಾಸಿಸ್ಸಿಗೆ ಮುಟ್ಟಿಸಿದೆ, ಬೆಳ್ಳಗೆ ಹತ್ತಿತು. ಎರಡರ ನಡುವೆ ಒಂದು ಮೊಳವೂ ಇಲ್ಲ. ದೋಷ ಆ ಮೊಳದಲ್ಲಿದೆ.

ಮೀಟರಿಗೂ ಇಲ್ಲಿ ಒಳ್ಳೆಯ ಕೆಲಸ ಇದೆ, ದೀಪ ಉರಿಯುತ್ತಿರುವಾಗಲೇ ನೋಡಬೇಕು ಅಷ್ಟೇ. ಕಪ್ಪು ಕಡ್ಡಿ ಚಾಸಿಸ್ಸಿಗೆ, ಕೆಂಪು ಕಡ್ಡಿ ದೀಪದ ತಗಡಿಗೆ. ಅರ್ಥಿಂಗ್ ಚೆನ್ನಾಗಿದ್ದರೆ 0.1, ಹೆಚ್ಚೆಂದರೆ 0.2 ವೋಲ್ಟ್ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಬಿಚ್ಚಿ ನೋಡಲೇಬೇಕು. ಇಲ್ಲಿ ಪ್ರತಿ ಮಿನುಗಿಗೂ ಅಂಕಿ ಐದು ವೋಲ್ಟಿನ ಆಸುಪಾಸಿಗೆ ಏರಿ ಬೀಳುತ್ತಿತ್ತು.

ಬಿಚ್ಚುವ ಮೊದಲು ಕ್ಲೀನರ್ ಹುಡುಗನ ಕೈಗೆ ಒಂದು ತುಂಡು ವಾಯರ್ ಕೊಟ್ಟು, ಒಂದು ತುದಿ ದೀಪದ ತಗಡಿಗೆ, ಇನ್ನೊಂದು ಚಾಸಿಸ್ಸಿಗೆ ಒತ್ತಿ ಹಿಡಿ ಅಂದೆ. ಕಾಕಾ ಕ್ಯಾಬಿನ್‌ನಲ್ಲಿ ಬ್ರೇಕ್ ಒತ್ತಿ ಕೂತಿದ್ದರು.

"ಹೋತ್ರಿ! ಬಾಣದ ದೀಪ ಹೋತು!" ಅಂತ ಅಲ್ಲಿಂದಲೇ ಕೂಗಿದರು.

ಹುಡುಗ ವಾಯರ್ ತೆಗೆದ. "ಮತ್ತ ಬಂತು!"

ಹೊಸ ಸಾಮಾನು ತರುವ ಮೊದಲು ಈ ತುಂಡು ವಾಯರಿನ ಪರೀಕ್ಷೆ ಮಾಡಿ. ತಾತ್ಕಾಲಿಕ ದಾರಿ ಕೊಟ್ಟಾಗ ದೋಷ ಹೋದರೆ, ನೀವು ಸರಿಯಾದ ಜಾಗದಲ್ಲೇ ಇದ್ದೀರಿ. ತುಂಡು ವಾಯರನ್ನು ಅರ್ಥಿಂಗ್ ಕಡೆಗೆ ಮಾತ್ರ ಬಳಸಿ. ಪ್ಲಸ್ ವಾಯರಿಂದ ಹೀಗೆ ಚಾಸಿಸ್ಸಿಗೆ ಕೊಟ್ಟರೆ ಕೈಯಲ್ಲೇ ಕಾದು ಕೆಂಪಾಗುತ್ತದೆ.

ಬೋಲ್ಟ್ ಬಿಚ್ಚಿದಾಗ ವಾಷರಿನ ಕೆಳಗೆ ಹಸಿರು ಪುಡಿ, ಅದರ ಕೆಳಗೆ ತುಕ್ಕು, ಅದರ ಕೆಳಗೆ ಹಳದಿ ಪೇಂಟ್. ಯಾರೋ ಬಾಡಿಗೆ ಬಣ್ಣ ಹೊಡೆಯುವಾಗ ಬಿಚ್ಚಿ, ಬಣ್ಣದ ಮೇಲೆಯೇ ಮತ್ತೆ ಬಿಗಿದಿದ್ದರು. ಕಚ್ಚಿದ ಬೋಲ್ಟಿನ ಹಲ್ಲು ಮಾತ್ರ ಅಷ್ಟು ದಿನ ಕರೆಂಟ್ ಸಾಗಿಸಿತ್ತು. ಅದಕ್ಕೂ ತುಕ್ಕು ಹಿಡಿದ ದಿನ ಬಾಣದ ದೀಪ ಹತ್ತಲು ಶುರುವಾಯಿತು.

ಸರಿಮಾಡುವುದು ಸಣ್ಣ ಕೆಲಸ, ಆದರೆ ಅರೆಬರೆ ಮಾಡಬಾರದು. ಉಪ್ಪುಕಾಗದದಿಂದ ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಉಜ್ಜಿದೆ. ಹಳೆ ವಾಯರಿನ ತುದಿ ಒಳಗೆ ಕಪ್ಪಾಗಿತ್ತು. ಸುಲಿದು ನೋಡಿದರೆ ಒಂದು ಗೇಣು ತನಕ ತಾಮ್ರ ಕಪ್ಪೇ. ಅಂಥ ವಾಯರಿಗೆ ಬೆಸುಗೆಯೂ ಕೂರುವುದಿಲ್ಲ. ಹಾಗಾಗಿ ದೀಪದಿಂದ ಚಾಸಿಸ್ಸಿಗೆ ಹೊಸ ವಾಯರ್ ಎಳೆದೆ. ತುದಿಗೆ ತೂತಿನ ಲಗ್ ಒತ್ತಿ, ಬೆಸುಗೆ ಹಾಕಿ, ಹಲ್ಲಿನ ವಾಷರ್ ಇಟ್ಟು ಬಿಗಿದೆ. ಮೇಲೆ ಗ್ರೀಸ್. ಗ್ರೀಸ್ ಬಿಗಿದ ಮೇಲೆ ಹಚ್ಚಬೇಕು, ನೀರು ಒಳಗೆ ಹೋಗದಿರಲಿ ಅಂತ. ಮೀಟರ್ ಈಗ 0.06 ತೋರಿಸಿತು. ಬಲಗಡೆಯದ್ದೂ ಬಿಚ್ಚಿ ನೋಡಿದೆ. ಅದೇ ಹಳದಿ ಪೇಂಟ್. ಅದಕ್ಕೂ ಹೊಸ ವಾಯರ್ ಬಿತ್ತು.

ಕಬ್ಬಿನ ಲಾರಿಯ ಹಿಂದೆ ರಾತ್ರಿ ಬೈಕ್ ಓಡಿಸಿದವರಿಗೆ ಈ ದೀಪದ ಬೆಲೆ ಗೊತ್ತು. ಹೊರಗೆ ಚಾಚಿದ ಕಬ್ಬಿನ ತುದಿ ಮೊದಲೇ ಅರ್ಧ ದೀಪ ಮುಚ್ಚಿರುತ್ತದೆ. ಉಳಿದರ್ಧವೂ ಮಂಕಾದರೆ ಲಾರಿ ನಿಂತಿದೆಯೋ ಹೋಗುತ್ತಿದೆಯೋ, ಎಡಕ್ಕೆ ತಿರುಗುತ್ತದೆಯೋ ತಿಳಿಯುವುದಿಲ್ಲ. ಇದು ನನಗೆ ಬರೀ ರಿಪೇರಿ ಅಲ್ಲ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ದೀಪದ ತನಕ ಕರೆಂಟೇ ಬರದಿದ್ದರೆ?

ಆಗ ಹುಡುಕಾಟ ಮುಂದಿನ ಕಡೆಗೆ. ಒಂದು ತುದಿಯಿಂದ ಇಂಚಿಂಚು ನೋಡುತ್ತ ಬರಬೇಡಿ. ನಡುವೆ ಕಡಿಯಿರಿ. ಕ್ಯಾಬಿನ್ ವಾಯರಿಂಗ್ ಚಾಸಿಸ್ ವಾಯರಿಂಗಿಗೆ ಸೇರುವ ಕನೆಕ್ಟರ್ ಎಲ್ಲಿದೆ ನೋಡಿ, ಅಲ್ಲಿ ಟೆಸ್ಟ್ ಲ್ಯಾಂಪ್ ಹಚ್ಚಿ. ಹತ್ತಿದರೆ ದೋಷ ಹಿಂದೆ, ಹತ್ತದಿದ್ದರೆ ಮುಂದೆ. ಉಳಿದ ಅರ್ಧದಲ್ಲಿ ಮತ್ತೆ ನಡುವೆ. ನಾಲ್ಕೈದು ಸಲದಲ್ಲಿ ಜಾಗ ಸಿಗುತ್ತದೆ.

ಫ್ಲಾಷರ್ ಡಬ್ಬಿಯ ಕಾಲುಗಳ ಹತ್ತಿರ 49, 49ಎ, 31 ಅಂತ ಬರೆದಿರುತ್ತದೆ. ಇದು ಜರ್ಮನಿಯ ಕ್ರಮ. ನಮ್ಮ ದೇಶದ ಲಾರಿಗಳಿಗೆ ಜರ್ಮನಿಯ ನಂಟು ಹಳೆಯದು. ಟಾಟಾ ಕಂಪನಿ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡಲು ಹೊರಟದ್ದು 1954ರಲ್ಲಿ. 49ಕ್ಕೆ ಕರೆಂಟ್ ಒಳಗೆ ಬರುತ್ತದೆ, 49ಎ ಇಂದ ಮಿನುಗುತ್ತ ಸ್ವಿಚ್ಚಿಗೆ ಹೋಗುತ್ತದೆ, 31 ಅರ್ಥಿಂಗ್. ಕೆಲವು ಡಬ್ಬಿಗಳಲ್ಲಿ ಬಿ, ಎಲ್, ಇ ಅಂತ ಇರುತ್ತದೆ, ಕೆಲಸ ಅದೇ. ಡ್ಯಾಶ್‌ಬೋರ್ಡ್ ದೀಪಕ್ಕೆ ಬೇರೆ ಕಾಲು ಇರುವುದೂ ಉಂಟು. 49ರಲ್ಲಿ ಕರೆಂಟ್ ಇಲ್ಲ ಅಂದರೆ ಫ್ಯೂಸ್ ನೋಡಿ. 49ರಲ್ಲಿ ಇದೆ, 31 ಚೆನ್ನಾಗಿದೆ, ಬಲ್ಬುಗಳೂ ಸರಿ ಇವೆ, ಆದರೂ 49ಎ ಸತ್ತಿದೆ ಅಂದರೆ ಮಾತ್ರ ಫ್ಲಾಷರ್ ಹೋಗಿದೆ ಅನ್ನಬಹುದು.

ವಾಯರಿನ ಬಣ್ಣ ನಂಬಿ ಕೂರಬೇಡಿ. ಇಪ್ಪತ್ತು ವರ್ಷದ ಲಾರಿಯ ಮೇಲೆ ಹತ್ತು ಜನರ ಕೈ ಆಡಿರುತ್ತದೆ. ಕ್ಯಾಬಿನ್‌ನಲ್ಲಿ ಹಸಿರಾಗಿ ಹೊರಟ ವಾಯರ್ ಡೀಸೆಲ್ ಟ್ಯಾಂಕಿನ ಹತ್ತಿರ ಕೆಂಪಾಗಿರುತ್ತದೆ.

ಫ್ಯೂಸ್ ಹಾಕಿದ ಕೂಡಲೇ ಹಾರುತ್ತಿದ್ದರೆ ವಾಯರ್ ಎಲ್ಲೋ ಚಾಸಿಸ್ಸಿಗೆ ತಾಗಿದೆ. ಇಲಿ ಕಡಿದಿರಬಹುದು, ತಗಡಿನ ಅಂಚಿಗೆ ಉಜ್ಜಿ ಸುಲಿದಿರಬಹುದು. ಫ್ಯೂಸ್ ಮೇಲೆ ಫ್ಯೂಸ್ ಸುಡುವ ಬದಲು, ಫ್ಯೂಸಿನ ಜಾಗಕ್ಕೆ 21 ವ್ಯಾಟಿನ ಬಲ್ಬಿನ ಎರಡು ವಾಯರ್ ಸಿಕ್ಕಿಸಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ, ಆದರೆ ಕರೆಂಟನ್ನು ಎರಡು ಆಂಪಿಯರ್ ದಾಟಲು ಬಿಡುವುದಿಲ್ಲ. ವಾಯರ್ ಸುಡುವುದಿಲ್ಲ. ಈಗ ಸುಮ್ನೆ ವಾಯರಿನ ಕಟ್ಟನ್ನು ಒಂದೊಂದು ಕಡೆ ಅಲ್ಲಾಡಿಸುತ್ತ ಹೋಗಿ. ಎಲ್ಲಿ ಅಲ್ಲಾಡಿಸಿದಾಗ ಬಲ್ಬ್ ಮಂಕಾಗುತ್ತದೋ ಅಲ್ಲೇ ಟೇಪ್ ಬಿಚ್ಚಿ. ಫ್ಯೂಸಿನ ಜಾಗಕ್ಕೆ ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ, ತಾಮ್ರದ ತಂತಿ ಸುತ್ತುವವರನ್ನು ನಾನು ಕೈ ಹಿಡಿದು ತಡೆದಿದ್ದೇನೆ. ಫ್ಯೂಸ್ ಇರುವುದು ವಾಯರಿನ ಜೀವ ಉಳಿಸಲು. ಅದು ಹಾರದಿದ್ದರೆ ವಾಯರೇ ಫ್ಯೂಸ್ ಆಗುತ್ತದೆ, ಪಕ್ಕದಲ್ಲಿ ಒಣ ರವದಿ ಇರುತ್ತದೆ.

ಕೆಂಪು ದೀಪಗಳು

ಡ್ಯಾಶ್‌ಬೋರ್ಡಿನ ಬೇರೆ ದೀಪಗಳ ನಡತೆ ಬೇರೆ. ಎಂಜಿನ್ ಎಣ್ಣೆಯ ಎಚ್ಚರಿಕೆ ದೀಪಕ್ಕೆ ಕರೆಂಟ್ ಮೇಲಿಂದ ಸಿಕ್ಕಿಯೇ ಇರುತ್ತದೆ, ಎಂಜಿನ್ ಮೇಲಿನ ಸ್ವಿಚ್ ಅದಕ್ಕೆ ಅರ್ಥಿಂಗ್ ಕೊಡುತ್ತದೆ. ಎಣ್ಣೆಯ ಒತ್ತಡ ಬಂದಾಗ ಸ್ವಿಚ್ ಬಿಡುತ್ತದೆ, ದೀಪ ಆರುತ್ತದೆ. ಓಡುವಾಗ ಈ ದೀಪ ಹತ್ತಿದರೆ ಮೊದಲು ಎಂಜಿನ್ ನಿಲ್ಲಿಸಿ, ಕಡ್ಡಿ ತೆಗೆದು ಎಣ್ಣೆ ನೋಡಿ. ವಾಯರಿಂಗ್ ಅನುಮಾನ ಆಮೇಲೆ. ಎಣ್ಣೆ ಸರಿ ಇದ್ದರೆ, ಎಂಜಿನ್ ಶುರು ಮಾಡದೆ ಕೀ ಮಾತ್ರ ಹಾಕಿ, ಆ ಸ್ವಿಚ್ಚಿನ ವಾಯರ್ ಕಿತ್ತು ಗಾಳಿಯಲ್ಲಿ ಹಿಡಿಯಿರಿ. ದೀಪ ಆರಬೇಕು. ಆರದಿದ್ದರೆ ವಾಯರ್ ದಾರಿಯಲ್ಲಿ ಎಲ್ಲೋ ಕಬ್ಬಿಣಕ್ಕೆ ತಾಗಿದೆ. ಆರಿತು ಅಂದರೆ ವಾಯರ್ ಸರಿ ಇದೆ. ಆಗ ದೋಷ ಸ್ವಿಚ್ಚಿನದ್ದೋ, ನಿಜಕ್ಕೂ ಒತ್ತಡ ಇಲ್ಲವೋ ಅಂತ ಗೇಜ್ ಹಚ್ಚಿ ಮೆಕ್ಯಾನಿಕ್ ಹೇಳುವ ತನಕ ಗಾಡಿ ಓಡಿಸಬೇಡಿ. ಗಾಳಿ ಬ್ರೇಕಿನ ಎಚ್ಚರಿಕೆ ದೀಪವೂ ಹೆಚ್ಚುಕಡಿಮೆ ಹೀಗೇ ಕೆಲಸ ಮಾಡುತ್ತದೆ. ಅದರ ಬಜರ್ ಕಿರಿಕಿರಿ ಅಂತ ವಾಯರ್ ಕೀಳಬೇಡಿ.

ಚಾರ್ಜಿಂಗ್ ದೀಪ ಮಾತ್ರ ಬಹಳ ಜನರಿಗೆ ಗೊತ್ತಿಲ್ಲದ ಒಂದು ಕೆಲಸ ಮಾಡುತ್ತದೆ. ಕೀ ತಿರುಗಿಸಿದಾಗ ಬ್ಯಾಟರಿಯ ಕರೆಂಟ್ ಈ ಬಲ್ಬಿನ ಮೂಲಕವೇ, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ಒಳಸುರುಳಿಗೆ ಹೋಗುತ್ತದೆ. ಸುರುಳಿ ಅಯಸ್ಕಾಂತವಾಗುವುದು ಆ ಚೂರು ಕರೆಂಟಿನಿಂದ. ಎಂಜಿನ್ ತಿರುಗಿ ಆಲ್ಟರ್ನೇಟರ್ ತಾನೇ ಕರೆಂಟ್ ಕೊಡಲು ಶುರು ಮಾಡಿದರೆ ಬಲ್ಬಿನ ಎರಡೂ ಕಡೆ ವೋಲ್ಟೇಜ್ ಸಮ ಆಗುತ್ತದೆ. ಹರಿಯಲು ಕಾರಣ ಉಳಿಯುವುದಿಲ್ಲ, ದೀಪ ಆರುತ್ತದೆ. ಈಗ ಯೋಚಿಸಿ, ಈ ಬಲ್ಬೇ ಸುಟ್ಟರೆ? ಎಷ್ಟೋ ಹಳೆ ಗಾಡಿಗಳಲ್ಲಿ ಆಲ್ಟರ್ನೇಟರ್ ಎಚ್ಚರವೇ ಆಗುವುದಿಲ್ಲ. ಬ್ಯಾಟರಿ ಖಾಲಿಯಾಗುತ್ತ ಹೋಗುತ್ತದೆ, ದೀಪವೂ ಹತ್ತುವುದಿಲ್ಲ. ಡ್ರೈವರ್ ಎಲ್ಲ ಸರಿ ಇದೆ ಅಂದುಕೊಂಡಿರುತ್ತಾನೆ. ಕೀ ಹಾಕಿದಾಗ ಕೆಂಪು ದೀಪ ಹತ್ತಲೇಬೇಕು. ಹತ್ತದಿದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ. ಆಲ್ಟರ್ನೇಟರಿನ ಡಿ ಪ್ಲಸ್ ಅಥವಾ ಎಲ್ ಅಂತ ಇರುವ ಸಣ್ಣ ವಾಯರ್ ಕಿತ್ತು, ಕೀ ಹಾಕಿ, ಚಾಸಿಸ್ಸಿಗೆ ಮುಟ್ಟಿಸಿ. ದೀಪ ಹತ್ತಿದರೆ ಬಲ್ಬ್, ವಾಯರ್ ಎರಡೂ ಸರಿ, ದೋಷ ಆಲ್ಟರ್ನೇಟರ್ ಕಡೆ. ದಪ್ಪ ವಾಯರಿಗೆ ಮಾತ್ರ ಇದನ್ನು ಮಾಡಲೇಬೇಡಿ. ಅದು ನೇರ ಬ್ಯಾಟರಿಯ ಪ್ಲಸ್.

ವಾಯರ್ ಕತ್ತರಿಸುವ, ಜೋಡಿಸುವ ಕೆಲಸ ಬಂದಾಗ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿಡಿ. ಕೊನೆಗೆ ಹಾಕುವುದೂ ಅದನ್ನೇ. ಹಾಗೇ ಎಂಜಿನ್‌ನಿಂದ ಚಾಸಿಸ್ಸಿಗೆ ಬರುವ ಜಡೆಯಂಥ ತಾಮ್ರದ ಪಟ್ಟಿಯನ್ನು ಒಮ್ಮೆ ನೋಡಿಬಿಡಿ. ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ಆ ಪಟ್ಟಿ ಹರಿದರೆ ಸೆಲ್ಫ್ ಹೊಡೆದಾಗ ಎಲ್ಲ ದೀಪಗಳೂ ವಿಚಿತ್ರವಾಗಿ ಆಡುತ್ತವೆ.

ಕಾಕಾ ಅವರ ಪಾಳಿ ಬರುವ ಹೊತ್ತಿಗೆ ಕೆಲಸ ಮುಗಿದಿತ್ತು. ನಾನು ಬಿಚ್ಚಿದ ಪ್ರತಿ ಹಳೆ ಗಾಡಿಗೂ ಒಂದು ಚೀಟಿ ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ಯೂಸ್ ಡಬ್ಬಿಯ ಹಿಂದೆ ಸಿಕ್ಕಿಸುತ್ತೇನೆ. ಮುಂದೆ ಬಿಚ್ಚುವವರು ಯಾರೋ ಏನೋ, ಅವರ ಒಂದು ಗಂಟೆ ಉಳಿಯಲಿ. ಆ ಲಾರಿಯದ್ದರಲ್ಲಿ ಹೀಗೆ ಬರೆದೆ: "12 ವೋಲ್ಟ್. ಎಡ ಇಂಡಿಕೇಟರ್ ಕ್ಯಾಬಿನ್‌ನಲ್ಲಿ ಹಸಿರು, ಟ್ಯಾಂಕ್ ದಾಟಿದ ಮೇಲೆ ಕೆಂಪು. ಹಿಂದಿನ ಎರಡೂ ದೀಪದ ಅರ್ಥಿಂಗ್ ಹೊಸದು, ಕಪ್ಪು ವಾಯರ್, ಚಾಸಿಸ್ಸಿನ ಒಳಬದಿಯ ಬೋಲ್ಟಿಗೆ. ಫ್ಲಾಷರ್ ಒಳ್ಳೆಯದಿದೆ, ಬದಲಿಸಬೇಡಿ."